ಗ್ರೀನ್‌ಸ್ಟೆಡ್‌ನ ಓಕ್ ಗೋಡೆ

ಇಂಗ್ಲೆಂಡಿನ ಹಳ್ಳಿ ಚರ್ಚ್ ಅಂದ್ರೆ ಕಲ್ಲಿನ ಗೋಡೆ, ಚೂಪು ಗೋಪುರ ನೆನಪಾಗುತ್ತೆ. ಎಸ್ಸೆಕ್ಸ್‌ನ ಗ್ರೀನ್‌ಸ್ಟೆಡ್ ಅನ್ನೋ ಪುಟ್ಟ ಊರಿನ ಸೇಂಟ್ ಆಂಡ್ರ್ಯೂ ಚರ್ಚ್ ಹಾಗಿಲ್ಲ. ಜನ ಕೂರುವ ಭಾಗದ ಗೋಡೆ ಪೂರ್ತಿ ಮರ. ಓಕ್ ದಿಮ್ಮಿಗಳನ್ನು ಉದ್ದಕ್ಕೆ ಸೀಳಿ, ಒಂದರ ಪಕ್ಕ ಒಂದು ನೆಟ್ಟಗೆ ನಿಲ್ಲಿಸಿದ್ದಾರೆ. ಸಪಾಟಾದ ಮುಖ ಒಳಗೆ, ಉಬ್ಬಿದ್ದು ಹೊರಗೆ. ಫೋಟೋದಲ್ಲಿ ನೋಡಿದ್ರೆ ಗಟ್ಟಿಮುಟ್ಟಾದ ಬೇಲಿ ಥರ ಇದೆ. ಎರಡು ದಿಮ್ಮಿ ಸೇರುವ ಕಡೆ ಎರಡರಲ್ಲೂ ಸಂದು ಕೊರೆದು, ನಡುವೆ ತೆಳ್ಳಗಿನ ಓಕ್ ಪಟ್ಟಿ ಕೂರಿಸಿದ್ದಾರೆ. ಈಗಲೂ ನಿಂತಿರುವ ಮರದ ಕಟ್ಟಡಗಳಲ್ಲಿ ಯುರೋಪಿನಲ್ಲೇ ಇದು ತುಂಬಾ ಹಳೆಯದು.

ಎಷ್ಟು ಹಳೆಯದು? ನಂಗೆ ಇಷ್ಟ ಆಗಿದ್ದೇ ಈ ಲೆಕ್ಕ. 1960ರ ಸುಮಾರಿಗೆ ಮರದ ಉಂಗುರಗಳನ್ನು ನೋಡಿ ಕ್ರಿ.ಶ. 845 ಅಂದಿದ್ದರು. 1990ರ ದಶಕದಲ್ಲಿ ಮತ್ತೆ ಎಣಿಸಿದಾಗ, ಉಳಿದಿರುವ ಕೊನೆಯ ಉಂಗುರ 1053ರದ್ದು ಅಂತ ಗೊತ್ತಾಯಿತು. ಹಾಗಂತ ಮರ ಕಡಿದದ್ದು 1053ರಲ್ಲಿ ಅಲ್ಲ. ಬಡಗಿಗಳು ತೊಗಟೆ, ಅದರ ಕೆಳಗಿನ ಮೆತ್ತನೆಯ ಬಿಳಿ ಭಾಗ ಎಲ್ಲ ಕೆತ್ತಿ ತೆಗೆದು ಚೇಗು ಮಾತ್ರ ಇಟ್ಟುಕೊಂಡಿದ್ದರು. ಇಂಗ್ಲೆಂಡಿನ ಓಕ್‌ನಲ್ಲಿ ಆ ಬಿಳಿ ಭಾಗಕ್ಕೆ ಸಾಮಾನ್ಯವಾಗಿ 10ರಿಂದ 55 ಉಂಗುರ. ಕೂಡಿಸಿದರೆ 1063ರಿಂದ 1108. ನಾರ್ಮನ್ನರು ಇಂಗ್ಲೆಂಡನ್ನು ಗೆದ್ದದ್ದು 1066ರಲ್ಲಿ, ಅಂದ್ರೆ ಈ ಗೋಡೆ ಯಾವ ರಾಜನ ಕಾಲದ್ದು ಅಂತ ಮರ ಹೇಳಲ್ಲ! 845 ಅನ್ನೋ ಒಂದೇ ನಂಬರ್‌ಗಿಂತ ಈ 45 ವರ್ಷದ ಅಂತರದ ಮೇಲೆ ನಂಗೆ ಹೆಚ್ಚು ನಂಬಿಕೆ.

ಉಳಿದದ್ದೆಲ್ಲ ಆಮೇಲೆ ಸೇರಿದ್ದು. ಪೂಜೆ ನಡೆಯುವ ಪೂರ್ವದ ಭಾಗ 1500ರ ಸುಮಾರಿನ ಇಟ್ಟಿಗೆ ಕೆಲಸ. ಗಂಟೆ ಗೋಪುರ ಬಿಳಿ ಹಲಗೆಯದು. ದೊಡ್ಡ ಬದಲಾವಣೆ ಆದದ್ದು 1840ರ ದಶಕದ ಕೊನೆಗೆ. ದಿಮ್ಮಿಗಳ ಬುಡ ಕೊಳೆತಿತ್ತು. ಕೊಳೆತಷ್ಟನ್ನು ಕೊಯ್ದು, ಕೆಳಗೆ ಇಟ್ಟಿಗೆ ಕಟ್ಟಿ, ಅದರ ಮೇಲೆ ಹಳೇ ಗೋಡೆ ಕೂರಿಸಿದರು. ಡಾರ್ಸೆಟ್‌ನ ಟಾಲ್‌ಪಡಲ್‌ನಲ್ಲಿ ಕೂಲಿಕಾರರ ಸಂಘಕ್ಕಾಗಿ ಪ್ರಮಾಣ ಮಾಡಿದ್ದಕ್ಕೆ 1834ರಲ್ಲಿ ಆಸ್ಟ್ರೇಲಿಯಾಕ್ಕೆ ಗಡಿಪಾರಾದ ಆರು ಜನರಲ್ಲಿ ಜೇಮ್ಸ್ ಬ್ರೈನ್ ಒಬ್ಬ. ವಾಪಸ್ ಬಂದಮೇಲೆ, 1839ರಲ್ಲಿ, ಅವನ ಮದುವೆ ಆಗಿದ್ದು ಇದೇ ಚರ್ಚ್‌ನಲ್ಲಿ. ಆಗಿನ್ನೂ ಈ ಇಟ್ಟಿಗೆ ಬಂದಿರಲಿಲ್ಲ.

ಬುಡ ಕೊಯ್ದ ಮೇಲೆ ಅದು ಹಳೇ ಗೋಡೆ ಹೌದೋ ಅಲ್ಲವೋ? ಹೌದು ಅಂತೀನಿ ನಾನು. ನಂಗೆ ಇದರಲ್ಲಿ ಸ್ವಾರ್ಥ ಇದೆ. ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯ ಜಗಲಿಯಲ್ಲಿ ಆರು ಮುಂಡಿಗೆ ಇವೆ. ಮೂರರ ಬುಡ ಹೋಗಿದೆ, ಮೇಲೆ ಬಡಿದರೆ ಕಬ್ಬಿಣದ ಸದ್ದು. ಬೇಸಿಗೆಗೆ ಎಲ್ಲ ಕೆಡವಿ ಆರ್‌ಸಿಸಿ ಹಾಕೋದು ಅಂತ ದೊಡ್ಡಪ್ಪನ ತೀರ್ಮಾನ. ಸಿವಿಲ್ ಓದ್ತಿರೋನು ಅಂತ ನನ್ನನ್ನು ಎಸ್ಟಿಮೇಟ್ ಕೇಳಿದ್ದರು. ಎಸ್ಟಿಮೇಟ್ ಬದಲು ಗ್ರೀನ್‌ಸ್ಟೆಡ್ ಗೋಡೆಯ ಬುಡದ ಫೋಟೋ ಕಳಿಸಿದೆ.

ಎರಡು ದಿನ ಉತ್ತರ ಇಲ್ಲ. ಮೂರನೇ ದಿನ ಫೋನ್. "ಅಲ್ಲ ಮಾರಾಯ, ಕೊಯ್ಯುವಾಗ ಮಾಡನ್ನ ಯಾವುದರ ಮೇಲೆ ನಿಲ್ಸಿದ್ರಂತೆ?"