ಬೀದಿಯ ಕಡೆಯ ಕಿಟಕಿ

ಮಗನಿಗೆ ಹೆಣ್ಣು ಗೊತ್ತುಮಾಡುವುದಕ್ಕೂ ಮನೆಗೆ ಕಿಟಕಿ ಗೊತ್ತುಮಾಡುವುದಕ್ಕೂ ಒಂದು ಸಾಮ್ಯವುಂಟು: ಎರಡರಲ್ಲಿಯೂ, ಯಾರೂ ಕೇಳದಿದ್ದರೂ ಸಲಹೆ ಕೊಡುವವರಿಗೆ ಕೊರತೆಯಿಲ್ಲ. ಬೆಂಗಳೂರಿನ ಬಸವನಗುಡಿಯ ಹಳೆಯ ಮನೆಯೊಂದರ ರಾಯರಿಗೆ ಈ ಸತ್ಯದ ದರ್ಶನವಾದದ್ದು ಅರವತ್ತೆರಡನೆಯ ವಯಸ್ಸಿನಲ್ಲಿ.

ಮಳೆಗಾಲದ ಒಂದು ಸಂಜೆ ನಡುಮನೆಯ ಕಿಟಕಿಯ ಕದ ಉಬ್ಬಿಕೊಂಡು, ಮುಚ್ಚಲಾರೆನೆಂದು ಹಠ ಹಿಡಿದು ನಿಂತಿತು. ರಾಯರು ಚೌಕಟ್ಟಿಗೆ ಕೈ ಊರಿ ನೂಕಿದರು. ಕೆಳಗಿನ ಪಟ್ಟಿಯೊಳಕ್ಕೆ ಹೆಬ್ಬೆರಳು ಹೂತುಹೋಯಿತು. ಬಣ್ಣದ ಹೊರಪದರವೊಂದು ಉಳಿದು, ಒಳಗಿನದೆಲ್ಲ ಗೆದ್ದಲಿನ ಪಾಲಾಗಿ ಎಷ್ಟು ಕಾಲವಾಗಿತ್ತೋ! ಸಂಸಾರಗಳಲ್ಲಿಯೂ ಹೀಗಾಗುವುದುಂಟು, ಆ ಮಾತು ಇಲ್ಲಿ ಬೇಡ.

ಮಗನ ತೀರ್ಮಾನ ಸರಳವಾಗಿತ್ತು. ಆರು ಕಿಟಕಿಗಳನ್ನೂ ಕಿತ್ತು, ಆರಕ್ಕೂ ಒಂದೇ ಬಗೆಯ ಹೊಸವನ್ನು ಕೂಡಿಸತಕ್ಕದ್ದು. ಅವನ ಕೋಣೆ ಬಸ್ಸು ಓಡಾಡುವ ಹೆದ್ದಾರಿಯ ಕಡೆಗಿತ್ತು. ರಾತ್ರಿ ಹನ್ನೊಂದಾದರೂ ಹಾರನ್ನಿನ ಶಬ್ದಕ್ಕೆ ಅವನ ಪುಟ್ಟ ಮಗಳು ಬೆಚ್ಚಿ ಏಳುತ್ತಿದ್ದಳು. ಆತನದು ನ್ಯಾಯವಾದ ಬೇಡಿಕೆಯೇ.

ಅಂಗಡಿಗೆ ರಾಯರೂ ಅವರ ಪತ್ನಿಯೂ ಹೋದರು. ತೇಗದ ಬೆಲೆ ಕೇಳಿ ರಾಯರು ಮೌನ ತಾಳಿದರು. ಅಲ್ಯುಮಿನಿಯಂ ತೆಳುವಾಗಿದ್ದರೂ ಗಟ್ಟಿ. ಆದರೆ ಬಿಸಿಲಿನ ಕಾವನ್ನು ಸಲೀಸಾಗಿ ಒಳಕ್ಕೆ ದಾಟಿಸುವ ಲೋಹ. 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ಸೆಲ್ಸಿಯಸ್ ಕಂಡ ಊರಿನಲ್ಲಿ ಇದನ್ನು ಮರೆಯುವಂತಿಲ್ಲ. ಇನ್ನು ಯುಪಿವಿಸಿ. ಹೆಸರೇನಿದ್ದರೂ ಅದು ಪ್ಲಾಸ್ಟಿಕ್ಕಿನ ಜಾತಿಯದೇ. ಟೊಳ್ಳು ಪಟ್ಟಿಗಳನ್ನು ಮೂಲೆಗಳಲ್ಲಿ ಕಾಯಿಸಿ ಬೆಸೆದು, ಬಲಕ್ಕಾಗಿ ಒಡಲೊಳಗೆ ಉಕ್ಕನ್ನು ಸೇರಿಸುತ್ತಾರೆ. ಗೆದ್ದಲು ಮೂಸಿಯೂ ನೋಡದು, ಮಳೆಗೆ ಉಬ್ಬದು.

ಜಾರುವ ಕದವೋ ತೆರೆಯುವ ಕದವೋ ಎಂಬುದು ಮುಂದಿನ ಪ್ರಶ್ನೆ. ಎರಡು ಕದಗಳ ಜಾರುಕಿಟಕಿ ಜಾಗವನ್ನೇನೋ ಉಳಿಸುತ್ತದೆ. ಆದರೆ ಎಷ್ಟು ಜಾರಿಸಿದರೂ ಅರ್ಧ ಮುಚ್ಚಿಯೇ ಇರುವುದು. ಸಂದುಗಳಲ್ಲಿ ಕುಂಚದಂಥ ಪಟ್ಟಿಯಿರುವುದರಿಂದ ಸದ್ದೂ ಅಷ್ಟಿಷ್ಟು ನುಸುಳುತ್ತದೆ. ಕೀಲಿನ ಮೇಲೆ ತೆರೆಯುವ ಕದ ರಬ್ಬರ್ ಪಟ್ಟಿಗೆ ಒತ್ತಿಕೊಂಡು ಕೂರುವುದರಿಂದ ಹೆಚ್ಚು ಬಿಗಿ. ಗಾಜು ಜೋಡಿಯಾಗಿದ್ದು ನಡುವೆ ಗಾಳಿ ಬಂಧಿತವಾಗಿದ್ದರೆ ಇನ್ನೂ ಮೇಲು.

ಅಂಗಡಿಯ ಯುವಕ ಮಾದರಿಯ ಕಿಟಕಿಯೊಂದರ ಹಿಂದೆ ಬಸ್ಸಿನ ಹಾರನ್ನು ಕೂಗಿಸಿ, ಕದ ಮುಚ್ಚಿದ. ಶಬ್ದ ಬಾವಿಗೆ ಬಿದ್ದಂತೆ ಅಡಗಿತು. ಅವನ ಮುಖ ಅರಳಿತು.

ರಾಯರ ಪತ್ನಿ ಕೇಳಿದರು: "ಹೂವಿನವಳು ಬೀದಿಯಲ್ಲಿ ಕೂಗಿದರೆ ಕೇಳಿಸುತ್ತದೆಯೇನಪ್ಪ?"

"ಏನೇನೂ ಕೇಳಿಸುವುದಿಲ್ಲ ಅಮ್ಮ!" ಎಂದ, ಹೆಮ್ಮೆಯಿಂದ.

ಆಕೆ ಗಂಡನ ಮುಖ ನೋಡಿದರು. ನಡುಮನೆಯ ಕಿಟಕಿಯ ಬಳಿ ಬೆತ್ತದ ಕುರ್ಚಿಯೊಂದಿದೆ. ಎಂಬತ್ತಾರರ ಅತ್ತೆಯವರ ಹಗಲೆಲ್ಲ ಅದರಲ್ಲಿಯೇ ಕಳೆಯುತ್ತದೆ. ಕಣ್ಣು ಮಂಜಾಗಿ ವರ್ಷಗಳಾದರೂ ಬೀದಿಯ ಸಮಾಚಾರ ಮನೆಯಲ್ಲಿ ಮೊದಲು ತಿಳಿಯುವುದು ಅವರಿಗೇ. ಸೊಪ್ಪಿನ ಗಾಡಿ, ಪಕ್ಕದ ಮನೆಯ ಮಗುವಿನ ಅಳು, ಕಾರ್ತೀಕದ ಕಡೆಯ ಸೋಮವಾರ ಕಡಲೆಕಾಯಿ ಪರಿಷೆಗೆ ಹೊರಟ ಜನದ ಗದ್ದಲ, ಎಲ್ಲವೂ ಆ ಸರಳುಗಳ ನಡುವಿನಿಂದಲೇ ಅವರ ಬಳಿಗೆ ಬರಬೇಕು.

"ತೆರೆದಿಟ್ಟರಾಯಿತು" ಎಂದರು ರಾಯರು.

"ಧೂಳೆಂದು ನಾವೇ ಮುಚ್ಚುತ್ತೇವೆ. ಆ ಹಿಡಿಯನ್ನು ತಿರುಗಿಸುವ ಶಕ್ತಿ ಅವರ ಕೈಯಲ್ಲಿ ಇದೆಯೇ?"

ರಾಯರು ಉತ್ತರಿಸಲಿಲ್ಲ. ಮಾರನೆಯ ದಿನ ಬಡಗಿಯನ್ನು ಕರೆಸಿದರು. ಆಚಾರ್ರು ಉಳಿಯ ತುದಿಯಿಂದ ಚೌಕಟ್ಟನ್ನು ಉದ್ದಕ್ಕೂ ಚುಚ್ಚಿ ನೋಡಿ, ಮೇಲಿನದೆಲ್ಲ ಗಟ್ಟಿ ತೇಗವೆಂದೂ, ಕೆಳಗಿನ ಪಟ್ಟಿಯನ್ನು ಬದಲಿಸಿ, ಎರಡು ನಿಲುವುಗಳ ಬುಡದಲ್ಲಿ ಗೇಣುದ್ದ ಹೊಸ ಮರ ಬೆಸೆದರೆ ಸಾಕೆಂದೂ ಹೇಳಿದರು. ಗೋಡೆಯ ಬುಡಕ್ಕೆ ಗೆದ್ದಲಿನ ಔಷಧಿ ಹಾಕಿಸದಿದ್ದರೆ ಹೊಸ ಮರವೂ ಅದೇ ದಾರಿ ಹಿಡಿಯುವುದೆಂದು ಎಚ್ಚರಿಸಿದರು. ಕಿತ್ತು ಹಾಕುವ ಉತ್ಸಾಹದಲ್ಲಿ ಹೀಗೆ ಚುಚ್ಚಿ ನೋಡುವವರು ಎಷ್ಟು ಮಂದಿ!

ಮಗನ ಕೋಣೆಗೆ ಜೋಡಿಗಾಜಿನ ಯುಪಿವಿಸಿ ಬಂದಿತು; ಕೂಸು ನಿದ್ದೆ ಮಾಡಿತು. ಉಳಿದ ನಾಲ್ಕರ ಕದಗಳನ್ನು ಹೆರೆದು, ಬಣ್ಣ ಬಳಿದದ್ದಾಯಿತು. ಒಂದೇ ಬಗೆಯವಲ್ಲವಲ್ಲ ಎಂದು ಮಗ ಎರಡು ದಿನ ಗೊಣಗಿದ.

ನಡುಮನೆಯ ಕಿಟಕಿ ನಾಲ್ಕು ದಿನ ಆಚಾರ್ರ ವಶದಲ್ಲಿತ್ತು. ಗೋಡೆಯ ಬಾಯಿಗೆ ಹಲಗೆ ಮುಚ್ಚಿತ್ತು. ಅಜ್ಜಿ ಆ ಹಲಗೆಯೆದುರಿಗೇ ಕುಳಿತಿದ್ದರು. ಊಟಕ್ಕೆ ಎರಡು ಬಾರಿ ಕರೆಯಬೇಕಾಯಿತು. ಐದನೆಯ ದಿನ ಚೌಕಟ್ಟು ತನ್ನ ಸ್ಥಾನಕ್ಕೆ ಮರಳಿದಾಗ ಅವರು ಕೆಳಗಿನ ಪಟ್ಟಿಯ ಮೇಲೆ ಮೆಲ್ಲನೆ ಕೈಯಾಡಿಸಿದರು.

"ಇದು ಬೇರೆ ಮರ ಕಣೋ."

"ಹೌದಮ್ಮ, ಅಷ್ಟು ಮಾತ್ರ ಹೊಸದು."

ಅವರು ಕೇಳಿಸಿಕೊಂಡಂತೆ ಕಾಣಲಿಲ್ಲ. ತಲೆಯನ್ನು ಸರಳುಗಳ ಕಡೆಗೆ ವಾಲಿಸಿ ಕ್ಷಣಕಾಲ ಸುಮ್ಮನಿದ್ದು, ಸೊಸೆಯನ್ನು ಕೂಗಿದರು: "ಇವತ್ತು ಮಲ್ಲಿಗೆ ಇಲ್ಲವಂತೆ ಕಣೇ, ಕನಕಾಂಬರ ತಂದಿದ್ದಾಳೆ. ಬೇಗ ಚಿಲ್ಲರೆ ತೆಗೆದುಕೊಂಡು ಬಾ."