ಎರಡು ಸಾವಿರ ಕಡಿಮೆಯ ಕೆಲಸ

ಡಿಗ್ರಿ ರಿಸಲ್ಟ್ ಬಂದ ವಾರ ನನ್ನ ಫೋನಿಗೆ ಸುದ್ದಿಗಿಂತ ಹೆಚ್ಚಾಗಿ ಆಫರ್ ಲೆಟರ್‌ಗಳ ಫೋಟೋ ಬರುತ್ತವೆ. ನಾನು ಪೇಪರ್‌ನವನು, ಆಗಾಗ ಬೆಂಗಳೂರಿಗೆ ಹೋಗಿ ಬರುವವನು ಅನ್ನುವುದಷ್ಟೇ ಕಾರಣ. ಶಿರಾ ಸುತ್ತಮುತ್ತಲಿನ ಹಳ್ಳಿಗಳಿಂದ ಹುಡುಗರಿಗಿಂತ ಅವರ ಅಪ್ಪಂದಿರೇ ಜಾಸ್ತಿ ಫೋನ್ ಮಾಡುತ್ತಾರೆ. ಕೇಳುವುದು ಒಂದೇ: 'ಇದು ನಿಜಾನಾ ಸ್ವಾಮಿ? ಕಳಿಸಬಹುದಾ?'

ಒಂದು ಲೆಟರಿನಲ್ಲಿ ಇಂಟರ್ನ್ ಅಂತಿರುತ್ತದೆ, ಇನ್ನೊಂದರಲ್ಲಿ ಟ್ರೈನಿ, ಮತ್ತೊಂದರಲ್ಲಿ ಅಪ್ರೆಂಟಿಸ್. ಊರಿನಲ್ಲಿ ಮೂರಕ್ಕೂ ಒಂದೇ ಹೆಸರು, 'ಬೆಂಗಳೂರಲ್ಲಿ ಕೆಲಸ'. ಮೂರೂ ಬೇರೆ ಬೇರೆ ಅನ್ನುವುದು ನನಗೆ ಸರಿಯಾಗಿ ಅರ್ಥವಾದದ್ದು ಲಗ್ಗೆರೆಯಲ್ಲಿ, ನನ್ನ ಅತ್ತೆ ಮಗನ ರೂಮಿನಲ್ಲಿ.

ಲಗ್ಗೆರೆ ನೋಡದವರಿಗೆ ಎರಡು ಮಾತು. ನಮ್ಮ ಕಡೆ ಬಸ್ಸು ಹತ್ತಿ ಗೊರಗುಂಟೆಪಾಳ್ಯದಲ್ಲಿ ಇಳಿದು, ರಿಂಗ್ ರೋಡ್ ಹಿಡಿದರೆ ಲಗ್ಗೆರೆ. ಪಕ್ಕದಲ್ಲೇ ಪೀಣ್ಯ. 1970ರ ದಶಕದಿಂದ ಬೆಳೆಯುತ್ತಾ ಬಂದ ಕೈಗಾರಿಕಾ ಪ್ರದೇಶ ಅದು. ದೊಡ್ಡ ಕಂಪನಿಗಳಿಗಿಂತ ಚಿಕ್ಕ ಶೆಡ್ಡುಗಳೇ ಹೆಚ್ಚು: ಲೇತ್, ಸಿಎನ್‌ಸಿ, ಪ್ರೆಸ್, ಪೌಡರ್ ಕೋಟಿಂಗ್, ಗಾರ್ಮೆಂಟ್ಸ್. ಅಲ್ಲಿ ದುಡಿಯುವವರಲ್ಲಿ ಎಷ್ಟೋ ಮಂದಿ ಮಲಗುವುದು ಲಗ್ಗೆರೆಯಲ್ಲಿ. ಕೆಳಗೆ ಮೆಷಿನ್ನು, ಮೇಲೆ ಬಾಡಿಗೆ ರೂಮು. ಬೆಳಿಗ್ಗೆ ಬೀದಿಯಲ್ಲಿ ನಿಂತರೆ ತುಮಕೂರು, ಮಂಡ್ಯ, ಹಾಸನದ ಕನ್ನಡ ಎಲ್ಲವೂ ಒಂದೇ ಟೀ ಅಂಗಡಿಯಲ್ಲಿ ಕೇಳುತ್ತದೆ.

ಅತ್ತೆ ಮಗ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದವನು. ಮೊದಲು ಸೇರಿದ್ದು ಒಂದು ಪ್ರೆಸ್ ಶಾಪಿಗೆ. ಅದರ ಹೆಸರು ಬೇಡ. ತಿಂಗಳಿಗೆ 10,000, ಕವರಿನಲ್ಲಿ ಕೈಗೆ. ಲೆಟರ್ ಅಂದರೆ ಎರಡು ಸಾಲು: 'ಇಂಟರ್ನ್ ಆಗಿ ತೆಗೆದುಕೊಳ್ಳಲಾಗಿದೆ.' ಎಷ್ಟು ತಿಂಗಳು, ದಿನಕ್ಕೆ ಎಷ್ಟು ಗಂಟೆ, ಏನು ಕಲಿಸುತ್ತಾರೆ, ಯಾವುದೂ ಇರಲಿಲ್ಲ.

'ಕೆಲಸ ಕಲಿತಿದೀಯೇನೋ?' ಅಂದೆ.

'ಕಲಿಯೋದೇನಣ್ಣ, ಶೀಟ್ ಇಡೋದು, ಪೆಡಲ್ ತುಳಿಯೋದು, ಪೀಸ್ ತೆಗೆಯೋದು. ಮೊದಲ್ನೇ ದಿನಾನೇ ಬಂತು.'

ಅವನ ಜೊತೆ ರೂಮಿನಲ್ಲಿ ಇನ್ನೂ ಮೂವರು. ಅವರಲ್ಲೊಬ್ಬ ಎಡಗೈಯಲ್ಲಿ ಲೋಟ ಹಿಡಿದು ಟೀ ಕುಡಿಯುತ್ತಿದ್ದ. ತೋರುಬೆರಳಿನ ತುದಿ ಇರಲಿಲ್ಲ. ನಾನು ನೋಡಿದ್ದನ್ನು ಅವನೂ ನೋಡಿದ. 'ಪವರ್ ಪ್ರೆಸ್ಸು ಸಾರ್' ಅಂದ. ಅದು ಬೇರೊಂದು ಶೆಡ್ಡಿನಲ್ಲಿ ಆದದ್ದು. ಮೊದಲ ದಿನದ ಆಸ್ಪತ್ರೆ ಬಿಲ್ಲು ಮಾಲೀಕ ಕಟ್ಟಿದನಂತೆ. ಆಮೇಲೆ ಕೇಳಲು ಹೋದರೆ ಬಂದ ಉತ್ತರ: 'ನೀನು ನಮ್ಮ ಕೆಲಸದೋನಲ್ಲವಲ್ಲಪ್ಪ, ಕಲಿಯೋಕೆ ಬಂದೋನು.'

ಆ ಮಾತು ನನ್ನ ತಲೆಯಿಂದ ಹೋಗಲಿಲ್ಲ. ಊರಿಗೆ ಬಂದು ಕಾನೂನು ತೆಗೆದು ಓದಿದೆ. ಅಪ್ರೆಂಟಿಸ್ ಕಾಯ್ದೆ 1961ರದು. ಡಿಗ್ರಿ, ಡಿಪ್ಲೊಮಾ ಆದವರನ್ನು ಅದರೊಳಗೆ ಸೇರಿಸಿದ್ದು 1973ರ ತಿದ್ದುಪಡಿ. ಬಿಎ, ಬಿಕಾಂ ಥರದವರಿಗೆ ಬಾಗಿಲು ತೆರೆದದ್ದು 2014ರಲ್ಲಿ. ಅದರ 18ನೇ ಕಲಂ ಹೇಳುವುದೂ ಮಾಲೀಕ ಹೇಳಿದ್ದನ್ನೇ: ಅಪ್ರೆಂಟಿಸ್ ಅಂದರೆ ತರಬೇತಿಗೆ ಬಂದವನು, ಕೆಲಸಗಾರನಲ್ಲ. ಆದರೆ ಕಾನೂನು ಅಲ್ಲಿಗೇ ಬಾಯಿ ಮುಚ್ಚುವುದಿಲ್ಲ. ಕಾರ್ಖಾನೆಗಳ ಆರೋಗ್ಯ, ಸುರಕ್ಷತೆಯ ನಿಯಮಗಳು ಅಪ್ರೆಂಟಿಸ್‌ಗೂ ಸಲ್ಲುತ್ತವೆ ಅನ್ನುತ್ತದೆ 14ನೇ ಕಲಂ. ತರಬೇತಿಯ ವೇಳೆ ಪೆಟ್ಟಾದರೆ ಮಾಲೀಕ ಪರಿಹಾರ ಕೊಡಬೇಕು ಅನ್ನುತ್ತದೆ 16ನೇ ಕಲಂ. ಇದೆಲ್ಲ ಸಿಗಬೇಕಾದರೆ ಮೊದಲು ಒಪ್ಪಂದ ಬೇಕು, ಆ ಒಪ್ಪಂದ ನೋಂದಣಿ ಆಗಬೇಕು. ಬೆರಳು ಕಳೆದುಕೊಂಡ ಹುಡುಗನ ಹತ್ತಿರ ಅದೇ ಇರಲಿಲ್ಲ.

ಒಪ್ಪಂದ ಇಲ್ಲದೆ ಮೆಷಿನ್ ಮುಂದೆ ನಿಂತು ಮಾಲು ತೆಗೆದವನು ಕೆಲಸಗಾರನೇ ಎಂದು ವಾದ ಮಾಡಬಹುದು. ನನ್ನ ಪ್ರಕಾರ ಅದು ಗಟ್ಟಿ ವಾದವೇ. ಆದರೆ ಲೇಬರ್ ಆಫೀಸಿನಲ್ಲಿ ಸಾಬೀತು ಮಾಡಬೇಕಾದವನು ಅವನು. ಕವರಿನಲ್ಲಿ ಬಂದ ದುಡ್ಡಿಗೆ ಪಾಸ್‌ಬುಕ್ಕಿನಲ್ಲಿ ಗುರುತಿಲ್ಲ, ಹಾಜರಾತಿ ಪುಸ್ತಕದಲ್ಲಿ ಹೆಸರಿಲ್ಲ. ಇಪ್ಪತ್ತೊಂದು ವರ್ಷದ ಹುಡುಗ, ಊರಿಗೆ ಇನ್ನೂ ವಿಷಯ ಹೇಳದವನು, ಯಾವ ಬಾಯಲ್ಲಿ ವಾದಿಸುತ್ತಾನೆ?

ನಾನೂ ಡಿಪ್ಲೊಮಾ ಆದ ಮೇಲೆ ಒಂದು ಪತ್ರಿಕಾ ಕಚೇರಿಯಲ್ಲಿ ಮೂರು ತಿಂಗಳು ಇಂಟರ್ನ್ ಆಗಿದ್ದೆ. ಬಿಡಿಗಾಸು ಕೊಡಲಿಲ್ಲ. ಡೇರಿಗೆ ಹಾಕಿದ ಹಾಲಿನ ದುಡ್ಡಿನಲ್ಲಿ ಅಮ್ಮ ಬಸ್ ಚಾರ್ಜು ಕಳಿಸುತ್ತಿದ್ದಳು. ಕಲಿತದ್ದು ಸುಳ್ಳಲ್ಲ, ಹೆಡ್‌ಲೈನ್ ಹಾಕುವುದು ಅಲ್ಲೇ ಬಂತು. ಆದರೆ ನನ್ನ ಬ್ಯಾಚಿನಲ್ಲಿ ನನಗಿಂತ ಚೆನ್ನಾಗಿ ಬರೆಯುತ್ತಿದ್ದ ಇಬ್ಬರು ಆ ಮೂರು ತಿಂಗಳು ಬೆಂಗಳೂರಿನಲ್ಲಿ ಇರಲಾಗದೆ ಊರಿಗೆ ವಾಪಸ್ ಹೋದರು. ಸಂಬಳ ಇಲ್ಲದ ಇಂಟರ್ನ್‌ಶಿಪ್ಪು ನೆಂಟರ ಮನೆ ಇರುವವರಿಗೆ ಮಾತ್ರ. ಅಲ್ಲಿ ನನ್ನ ಬೆರಳಿಗೆ ಅಪಾಯ ಇರಲಿಲ್ಲ, ಅಷ್ಟೇ ವ್ಯತ್ಯಾಸ.

ಈಗ ಸರ್ಕಾರದ ದಾರಿಗಳೂ ಇವೆ. ಒಂದು ನ್ಯಾಟ್ಸ್, ಅಂದರೆ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ತರಬೇತಿ ಯೋಜನೆ. 2019ರ ನಿಯಮದ ಪ್ರಕಾರ ಡಿಗ್ರಿಯವರಿಗೆ ತಿಂಗಳಿಗೆ ಕನಿಷ್ಠ 9,000, ಡಿಪ್ಲೊಮಾದವರಿಗೆ 8,000. ಇದರಲ್ಲಿ ಅರ್ಧ ಕೇಂದ್ರ ಸರ್ಕಾರದ ಪಾಲು. 30 ಅಥವಾ ಹೆಚ್ಚು ಜನ ಇರುವ ಸಂಸ್ಥೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. 4ರಿಂದ 29 ಜನ ಇದ್ದರೆ ಇಷ್ಟ ಇದ್ದರೆ ತೆಗೆದುಕೊಳ್ಳಬಹುದು. 2025ರ ಮೇ ತಿಂಗಳಲ್ಲಿ ಕೇಂದ್ರ ಅಪ್ರೆಂಟಿಸ್‌ಶಿಪ್ ಮಂಡಳಿ ಸ್ಟೈಪೆಂಡ್ ಹೆಚ್ಚಿಸಲು ಶಿಫಾರಸು ಮಾಡಿತು, ಹಾಗಾಗಿ ಸಹಿ ಹಾಕುವ ದಿನ ಜಾರಿಯಲ್ಲಿರುವ ಮೊತ್ತ ಎಷ್ಟೆಂದು ಪೋರ್ಟಲ್‌ನಲ್ಲಿ ನೋಡಿಕೊಳ್ಳಿ.

ಇನ್ನೊಂದು 2024ರ ಅಕ್ಟೋಬರಿನಲ್ಲಿ ಶುರುವಾದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ. ದೊಡ್ಡ ಕಂಪನಿಗಳಲ್ಲಿ ಒಂದು ವರ್ಷ. ಶುರುವಾದಾಗ ಇಟ್ಟ ಮೊತ್ತ ತಿಂಗಳಿಗೆ 5,000, ಜೊತೆಗೆ ಒಂದೇ ಸಲ 6,000. ಕಂಪನಿ ಹೆಸರು ದೊಡ್ಡದು, ಸರಿ. ಆದರೆ 5,000ದಲ್ಲಿ ಲಗ್ಗೆರೆಯಲ್ಲಿ ಬಾಡಿಗೆಯ ಪಾಲು, ಊಟ, ಬಸ್ಸು ಎಲ್ಲ ಹೇಗೆ ತೂಗುತ್ತದೋ ಯೋಜನೆ ಬರೆದವರೇ ಒಂದು ತಿಂಗಳು ಇದ್ದು ತೋರಿಸಬೇಕು. ಎರಡಕ್ಕೂ ಹುಡುಗರು ಅರ್ಜಿ ಶುಲ್ಕ ಕಟ್ಟಬೇಕಿಲ್ಲ. 'ಕಾಲೇಜಿಗೆ ಸರ್ಟಿಫಿಕೇಟ್ ಬೇಕಲ್ಲ, ಇಷ್ಟು ದುಡ್ಡು ಹಾಕು, ಇಂಟರ್ನ್‌ಶಿಪ್ ಮಾಡಿದ ಹಾಗೆ ಕೊಡ್ತೀವಿ' ಅನ್ನುವವರು ಮಾರುವುದು ಕಾಗದವನ್ನು ಮಾತ್ರ.

ಅಪ್ಪಂದಿರು ಕೇಳುವ ಇನ್ನೊಂದು ಪ್ರಶ್ನೆ ಯುವನಿಧಿಯದು. ಡಿಗ್ರಿ ಮುಗಿದು ಆರು ತಿಂಗಳು ಕೆಲಸ ಸಿಗದವರಿಗೆ 3,000, ಡಿಪ್ಲೊಮಾ ಆದವರಿಗೆ 1,500, ಹೆಚ್ಚೆಂದರೆ ಎರಡು ವರ್ಷ. ಅಪ್ರೆಂಟಿಸ್ ಭತ್ಯೆ ಬರುತ್ತಿದ್ದರೆ ಇದು ಸಿಗುವುದಿಲ್ಲ. 'ಮನೇಲಿದ್ದು ಮೂರು ಸಾವಿರ ಬರಲಿ, ಎಮ್ಮೆ ನೋಡಿಕೊಂಡಿರಲಿ' ಅನ್ನುವ ಲೆಕ್ಕ ನನಗೆ ನಗು ತರಿಸುವುದಿಲ್ಲ. ಲಗ್ಗೆರೆಯ ಬಾಡಿಗೆ ಕಳೆದರೆ ಕೈಯಲ್ಲಿ ಉಳಿಯುವುದು ಸುಮಾರು ಅಷ್ಟೇ. ಹೆಣ್ಣುಮಕ್ಕಳ ಮನೆಯಲ್ಲಂತೂ ಈ ಲೆಕ್ಕ ಮೊದಲೇ ಮುಗಿದಿರುತ್ತದೆ. ಪಿಜಿ ದುಡ್ಡು ಕೂಡಿಸಿ ನೋಡಿ, 'ಬೇಡ ಬಿಡು' ಅಂದುಬಿಡುತ್ತಾರೆ. ಎರಡು ವರ್ಷ ಆದಮೇಲೆ ಕೈಯಲ್ಲಿ ಏನಿರುತ್ತದೆ ಅನ್ನುವುದನ್ನು ಯಾರೂ ಕೂಡಿಸುವುದಿಲ್ಲ.

ಅತ್ತೆ ಮಗ ಮಾಲೀಕನ ಹತ್ತಿರ ಹೋಗಿ ಒಪ್ಪಂದ ಮಾಡಿಕೊಡಿ ಅಂದ. 'ಪೇಪರ್ ಬೇಕಾದೋರು ಬೇರೆ ಕಡೆ ನೋಡ್ಕೊಳ್ಳಿ' ಅಂದರಂತೆ. ನೋಡಿಕೊಂಡ. ಎರಡು ತಿಂಗಳು ಹಿಡಿಯಿತು. ಪೀಣ್ಯದಲ್ಲೇ ಬಿಡಿಭಾಗ ಮಾಡುವ ಒಂದು ಕಂಪನಿ ನ್ಯಾಟ್ಸ್ ಮೂಲಕ ತೆಗೆದುಕೊಂಡಿತು. ಒಪ್ಪಂದದ ನಂಬರ್ ಇದೆ, ಶುರು ಮತ್ತು ಕೊನೆಯ ತಾರೀಕು ಇದೆ, ದುಡ್ಡು ಬ್ಯಾಂಕಿಗೆ ಬೀಳುತ್ತದೆ: 8,000.

ಅತ್ತೆ ನನ್ನ ಮೇಲೆ ಹರಿಹಾಯ್ದಳು. 'ಹತ್ತು ಬರ್ತಿದ್ದೋನ್ನ ಎಂಟಕ್ಕೆ ಇಳಿಸಿದೆಯಲ್ಲೋ. ಓದಿದೋರ ಬುದ್ಧಿ ಇದೇನಾ?' ಬೆರಳಿನ ವಿಷಯ ಅವಳಿಗೆ ಹೇಳೋಣ ಅಂದರೆ ಇವನು ಬೇಡ ಅಂದ, ಹೇಳಿದರೆ ಬೆಂಗಳೂರೇ ಬಿಡಿಸುತ್ತಾಳೆ ಅಂತ. ಹಾಗಾಗಿ ಬೈಗುಳ ತಿಂದುಕೊಂಡು ಸುಮ್ಮನಾದೆ.

ಮೊನ್ನೆ ಲಗ್ಗೆರೆಗೆ ಹೋದಾಗ ಅವನು ಕ್ವಾಲಿಟಿ ವಿಭಾಗದಲ್ಲಿ ಮೈಕ್ರೋಮೀಟರ್ ಹಿಡಿದು ಅಳೆಯುವುದನ್ನು ಕೈಯಲ್ಲೇ ಮಾಡಿ ತೋರಿಸಿದ. ಡ್ರಾಯಿಂಗ್ ಓದಲು ಬರುತ್ತಿದೆ, ಮುಂದಿನ ತಿಂಗಳು ಸಿಎನ್‌ಸಿಗೆ ಹಾಕುತ್ತಾರಂತೆ. ಒಪ್ಪಂದ ಮುಗಿಯಲು ಇನ್ನು ಏಳು ತಿಂಗಳಿದೆ. ಮುಗಿದ ಮೇಲೆ ಕೆಲಸ ಕೊಡಲೇಬೇಕೆಂದು ಕಂಪನಿಗೆ ಕಟ್ಟುಪಾಡಿಲ್ಲ, ಕಾಯ್ದೆಯೇ ಹಾಗಿದೆ. ಅದು ಅವನಿಗೂ ಗೊತ್ತು. ಬೆರಳು ಹೋದ ಹುಡುಗ ಈಗ ಅದೇ ಬೀದಿಯ ಗಾರ್ಮೆಂಟ್ಸ್‌ನಲ್ಲಿ ಪ್ಯಾಕಿಂಗ್ ಮಾಡುತ್ತಿದ್ದಾನೆ. ಅಪ್ರೆಂಟಿಸ್ ಫಾರಂ ತುಂಬುವುದು ಹೇಗೆಂದು ನನ್ನನ್ನು ಕೇಳಿದ. ಅವನದು ಬಿಎ. ಅವನ ಫೋನಿನಲ್ಲೇ ನ್ಯಾಟ್ಸ್ ಪೋರ್ಟಲ್ ತೆಗೆದು ಕೂತೆವು. ಮಾರ್ಕ್ಸ್ ಕಾರ್ಡ್ ಊರಿನಲ್ಲಿದೆ, ಭಾನುವಾರ ತರುತ್ತೇನೆ ಅಂದಿದ್ದಾನೆ.