ಕೇಳುವವನ ಋಣ

ಮದ್ದೂರಿನಿಂದ ಮಳವಳ್ಳಿಗೆ ಹೋಗುವ ದಾರಿಯಲ್ಲಿ ಆಲೆಮನೆಯ ಕೊಪ್ಪರಿಗೆ ಕುದಿಯುತ್ತಿದ್ದರೆ ಬೆಲ್ಲದ ಪರಿಮಳ ಬಸ್ಸಿನೊಳಗೂ ಬರುತ್ತದೆ. ಮಂಡ್ಯದ ಸೀಮೆಯಲ್ಲಿ ಆ ಬೆಂಕಿಯ ಮುಂದೆ ದುಡಿಯುವವರಲ್ಲಿ ಈಗ ಉತ್ತರ ಪ್ರದೇಶದಿಂದ ಬಂದವರೂ ಉಂಟು. ಅವರ ಬದುಕನ್ನು ಕುರಿತು ಬರೆಯಬೇಕೆಂದು, ಪ್ರಶ್ನೆಗಳ ಪಟ್ಟಿಯೊಂದನ್ನು ಹಿಡಿದು ನಾನು ಒಂದು ಆಲೆಮನೆಗೆ ಹೋದೆ.

ನನ್ನ ಹಿಂದಿ ಅವರಿಗೆ ತಿಳಿಯದು. ಅವರ ಮಾತು ನನಗೆ ತಿಳಿಯದು. ಯಜಮಾನರೇ ದೊಡ್ಡ ಮನಸ್ಸು ಮಾಡಿ ದುಭಾಷಿಯಾದರು. ಕೂಲಿಯ ವಿಷಯ ಕೇಳಿದೆ. ಮಧ್ಯವಯಸ್ಸಿನ ಕೆಲಸಗಾರನೊಬ್ಬ ಬಹಳ ಹೊತ್ತು ಮಾತನಾಡಿದ. ಯಜಮಾನರು ಅದನ್ನು ಒಂದೇ ಮಾತಿನಲ್ಲಿ ಮುಗಿಸಿದರು: "ಸುಖವಾಗಿದ್ದಾನಂತೆ." ನಾನು ಹಾಗೆಯೇ ಬರೆದುಕೊಂಡೆ! ಕೊನೆಗೆ ಒಪ್ಪಿಗೆಯ ಕಾಗದವನ್ನು ಮುಂದೆ ಚಾಚಿದಾಗ ಆತ ಕೈಯನ್ನು ಬೆನ್ನ ಹಿಂದೆ ಸರಿಸಿಕೊಂಡ. ಮುಂಗಡ ಪಡೆದ ದಿನವೂ ಅವನ ಹೆಬ್ಬೆಟ್ಟನ್ನು ಹೀಗೆಯೇ ಒತ್ತಿಸಿಕೊಂಡಿದ್ದರೆಂದು ನನಗೆ ತಿಳಿದದ್ದು ಆಮೇಲೆ.

ಆ ರಾತ್ರಿ ಸ್ಕಾರ್ಲೆಟ್ ಎಪ್‌ಸ್ಟೀನ್ ನೆನಪಾದರು. 1922ರಲ್ಲಿ ವಿಯೆನ್ನಾದಲ್ಲಿ ಹುಟ್ಟಿ, 1938ರಲ್ಲಿ ನಾಜಿಗಳಿಗೆ ಅಂಜಿ ದೇಶ ಬಿಟ್ಟ ಈ ಮಹಿಳೆ 1954ರಲ್ಲಿ ಮಂಡ್ಯದ ಹಳ್ಳಿಗಳಿಗೆ ಬಂದು, ನಾಲೆಯ ನೀರು ಬಂದ ಊರೂ ಬಾರದ ಊರೂ ಹೇಗೆ ಬೇರೆಬೇರೆಯಾಗಿ ಬದಲಾದವೆಂಬುದನ್ನು ಅಭ್ಯಸಿಸಿದರು. 1962ರ ಗ್ರಂಥದಲ್ಲಿ ಆ ಊರುಗಳಿಗೆ ವಂಗಲ, ದಲೇನ ಎಂದು ಬೇರೆ ಹೆಸರುಗಳನ್ನಿಟ್ಟರು. 1970ರಲ್ಲಿ ಅದೇ ಊರುಗಳಿಗೆ ಮರಳಿ ಬಂದರು. ಹೆಸರನ್ನು ಮುಚ್ಚಿಡುವುದು, ಮರಳಿ ಹೋಗುವುದು, ಎರಡನ್ನೂ ನಾನು ಕಲಿಯಬೇಕಾಗಿತ್ತು.

ನಾನೂ ಮರಳಿದೆ, ಆಲೆಮನೆಗಲ್ಲ, ಬಿಡುವಿನ ದಿನ ಅವರು ಸಾಮಾನು ಕೊಳ್ಳಲು ಬರುವ ಮಂಡ್ಯದ ಪೇಟೆಗೆ. ಜೊತೆಯಲ್ಲಿ ಅವರ ಕಡೆಯ ಮಾತು ಬಲ್ಲ ಬಡಗಿಯೊಬ್ಬರಿದ್ದರು. ನಾನು ಯಾರು, ಏನು ಬರೆಯುತ್ತೇನೆ, ಬರೆದರೆ ಕೂಲಿ ಹೆಚ್ಚುವುದೆಂಬ ಭರವಸೆಯಿಲ್ಲ, ಬೇಡವೆನಿಸಿದರೆ ಎದ್ದು ಹೋಗಬಹುದು - ಇಷ್ಟನ್ನು ಮೊದಲು ಹೇಳಿಸಿದೆ. ಆತ ಎಲ್ಲವನ್ನೂ ಕೇಳಿ ನಕ್ಕು, "ನಿಮ್ಮ ಸಂಬಳ ಎಷ್ಟು, ಸಾಹೇಬರೆ?" ಎಂದ.

ನಾನು ತಡವರಿಸಿದೆ. ಪಕ್ಕದಲ್ಲಿಯೇ ನಮ್ಮ ಬೀದಿಯವರೊಬ್ಬರು ಬದನೆಕಾಯಿ ಆರಿಸುತ್ತ ನಿಂತಿದ್ದರು! ಯಜಮಾನರ ಎದುರಿನಲ್ಲಿ ನಾನು ಅವನನ್ನು ಕೇಳಿದ್ದೂ ಇದೇ ಪ್ರಶ್ನೆಯನ್ನಲ್ಲವೆ? ದನಿ ತಗ್ಗಿಸಿ ಹೇಳಿದೆ. ಆಮೇಲೆ ಅವನೂ ಹೇಳಿದ.

ಮಾತು ಮುಗಿದ ಮೇಲೆ, ತನ್ನ ಮನೆಯ ಸಂಗತಿಯೊಂದನ್ನು ಮಾತ್ರ ಬರೆಯಬೇಡಿರೆಂದ. ನನ್ನ ಲೇಖನಕ್ಕೆ ಅದೇ ಜೀವಾಳವಾಗುತ್ತಿತ್ತು. ಅವನ ಕಣ್ಣೆದುರಿಗೇ ಆ ಸಾಲುಗಳನ್ನು ಹೊಡೆದು ಹಾಕಿದೆ.

ಅದು ಇಲ್ಲಿಯೂ ಇಲ್ಲ.